ಕೊನೆಗೆ ಬಂದವನ ಕುರ್ಚಿ

ಫೆಬ್ರವರಿ 3, ಸೋಮವಾರ

ಇವತ್ತು ನಾನು ಕೊನೆಗೆ ಬಂದುಬಿಟ್ಟೆ.

ಮನೆಗೆ ಬಂದು ಈ ಮಾತನ್ನೇ ತಿರುಗಾಮುರುಗಾ ಹೇಳುತ್ತಿದ್ದೆ. ಕೇಳಿ ಕೇಳಿ ಸಾಕಾದ ಹೆಂಡತಿ, ಬಣ್ಣದ ಕಂಪನಿಯವರು ಪುಕ್ಕಟೆ ಕೊಟ್ಟಿದ್ದ ಡೈರಿಯನ್ನು ತಂದು ನನ್ನ ಮುಂದೆ ಕುಕ್ಕಿದಳು. "ಇನ್ನು ಗೊಣಗೋದಿದ್ರೆ ಇದರ ಹತ್ರ ಗೊಣಗಿ. ಇದೂ ತಿರುಗಿ ಮಾತಾಡಲ್ಲ, ನೀವೂ ಆಡಲ್ಲ. ಹೇಳಿ ಮಾಡಿಸಿದ ಜೋಡಿ," ಅಂದಳು. ಹೀಗೆ ಶುರುವಾಯಿತು, ಕಾಗದರಾಯರೇ, ನಮ್ಮಿಬ್ಬರ ಸಂಸಾರ.

ಕೊನೆಗೆ ಬಂದರೆ ಏನು ಮಹಾ ಅನ್ನುತ್ತೀರಾ? ಕೇಳಿ. ನಮ್ಮ ಬೀದಿಯವರು ಕೆಲವರು ಸೋಮವಾರ ಸಂಜೆ ಬೇಕರಿಯ ಮುಂದೆ ಸೇರುತ್ತೇವೆ. ಅವರವರ ಕುರ್ಚಿಯನ್ನು ಅವರವರೇ ಹೊತ್ತು ತರಬೇಕು. ಉರಿಯದ ದೀಪ, ಕಟ್ಟಿಕೊಂಡ ಚರಂಡಿ, ಗುಂಡಿ ಬಿದ್ದ ರಸ್ತೆ, ಇವೇ ನಮ್ಮ ಮಾತು. ಮಾತು ಮುಗಿದ ಮೇಲೆ ಒಬ್ಬರು ಪುರಸಭೆಗೆ ಹೋಗಿ ಹೇಳಬೇಕು. ಈ ಗುಂಪಿಗೆ ಹೆಸರಿಲ್ಲ, ಮೊಹರಿಲ್ಲ, ಅಧ್ಯಕ್ಷರು ಇಲ್ಲವೇ ಇಲ್ಲ. ಆಗು ಅಂದರೆ ಎಲ್ಲರೂ ಒಲ್ಲೆ ಅಂದವರೇ. ಅದಕ್ಕೇ ಬೇಕರಿಯಕ್ಕ ಒಂದು ಪದ್ಧತಿ ಮಾಡಿದಳು. ಯಾರು ಎಲ್ಲರಿಗಿಂತ ಕೊನೆಗೆ ಬರುತ್ತಾರೋ ಅವರ ಕುರ್ಚಿ ಎಲ್ಲರ ಮುಂದೆ. ಮುಂದಿನ ಸೋಮವಾರದವರೆಗೆ ಅವರೇ ನಮ್ಮ ಬಾಯಿ. ಇದರಿಂದಾದ ಲಾಭವೇನೆಂದರೆ, ಈ ಊರಿನಲ್ಲಿ ಹೇಳಿದ ಹೊತ್ತಿಗಿಂತ ಮುಂಚೆ ಶುರುವಾಗುವ ಸಭೆ ನಮ್ಮದೊಂದೇ.

ಮುಂಚೆ ಬರುವವರಲ್ಲಿ ನಾನು ರಾಜ. ಬೇಕರಿಯ ಮುಂದಿನ ಮಣ್ಣಿನಲ್ಲಿ ನನ್ನ ಮಡಚುಕುರ್ಚಿಯ ಕಾಲಿಗೆಂದೇ ಗುಳಿಗಳು ಬಿದ್ದಿವೆ. ಇವತ್ತು ಹೊರಡುವ ಹೊತ್ತಿಗೆ ಸರಿಯಾಗಿ ಪುರಸಭೆಯ ಜವಾನ ಅಂಗಡಿಗೆ ಬಂದ, ಕಂಕುಳಲ್ಲಿ ಬಾಗಿಲಷ್ಟು ದೊಡ್ಡ ಫೋಟೋ ಸುರುಳಿ. ಮೇಲಿನ ನಾಯಕರದು. ಸಭಾಂಗಣದಲ್ಲಿ ತೂಗುಹಾಕಬೇಕಂತೆ, ಕಟ್ಟು ಹಾಕಿಕೊಡಬೇಕಂತೆ. ನನ್ನ ಕಸುಬೇ ಅದು. ಫೋಟೋಗಳಿಗೆ ಕಟ್ಟು ಹಾಕುವುದು, ಗಾಜು ಕೂರಿಸುವುದು. ನಾಯಕರ ಮುಖವನ್ನು ಅಳೆಯುತ್ತ ಅಳೆಯುತ್ತ ಹೊತ್ತು ಹೋಗಿಬಿಟ್ಟಿತು.

ಕುರ್ಚಿ ಹೊತ್ತು ಓಡಿದೆ. ಎಲ್ಲರೂ ಕೂತಾಗಿತ್ತು. ನನ್ನನ್ನು ನೋಡಿ ಚಪ್ಪಾಳೆ ತಟ್ಟಿದರು.

ಇರುವುದೆಲ್ಲ ಬಿಟ್ಟು ಇವತ್ತೇ ದೊಡ್ಡ ವಿಷಯ ಬರಬೇಕೆ! ನಮ್ಮ ಬೀದಿಯ ಪುಟ್ಟ ಆಸ್ಪತ್ರೆಯನ್ನು ಎತ್ತಂಗಡಿ ಮಾಡುತ್ತಾರೆಂಬ ಸುದ್ದಿ. ನಿಜವೋ ಸುಳ್ಳೋ ಕೇಳಿಕೊಂಡು ಬರಬೇಕು. ಯಾರು? ಕೊನೆಗೆ ಬಂದ ಈ ಮಹಾನುಭಾವ.

ಫೆಬ್ರವರಿ 5, ಬುಧವಾರ

ಪುರಸಭೆಗೆ ಹೋಗಿದ್ದೆ. ಹೋಗಿದ್ದೆ ಎನ್ನುವುದಕ್ಕಿಂತ, ಕಾಲುಗಳು ಹೋದವು, ನಾನು ಹಿಂದೆ ಹಿಂದೆ ಹೋದೆ.

ಆ ಕಟ್ಟಡದ ಗೋಡೆಗಳು ನನಗೆ ಅಪರಿಚಿತವಲ್ಲ. ಅಲ್ಲಿರುವ ದೊಡ್ಡವರ ಫೋಟೋಗಳೆಲ್ಲ ನನ್ನ ಕೈಯಲ್ಲೇ ಕಟ್ಟಿಸಿಕೊಂಡವು. ಆಡಳಿತ ಬದಲಾದಾಗ ನಾನು ಕಟ್ಟು ಬದಲಿಸುವುದಿಲ್ಲ, ಮುಖವನ್ನಷ್ಟೇ ಬದಲಿಸುತ್ತೇನೆ. ಹಿಂದಿನ ಮೊಳೆಗಳನ್ನು ಯಾವಾಗಲೂ ಸಡಿಲವಾಗಿಯೇ ಹೊಡೆದಿರುತ್ತೇನೆ, ಮುಂದೆ ಕೀಳಲು ಸುಲಭವಾಗಲಿ ಅಂತ. ರಾಜಕೀಯದಲ್ಲಿ ನನ್ನ ನಿಲುವೇನೆಂದು ಯಾರಾದರೂ ಕೇಳಿದರೆ ಆ ಮೊಳೆಗಳನ್ನು ತೋರಿಸಬಹುದು.

ಗುಮಾಸ್ತರ ಮೇಜಿನ ಮುಂದೆ ನಿಂತೆ. ಅವರು ತಲೆ ಎತ್ತಿದರು. ನಾನು ಕೆಮ್ಮಿದೆ. ಅವರು "ಏನು?" ಅಂದರು. ನಾನು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದೆ. ಅವರು ನನ್ನ ಮುಖವನ್ನು ಕರುಣೆಯಿಂದ ನೋಡಿ, "ಹೊರಗಡೆ ಎಡಕ್ಕೆ, ಮೆಟ್ಟಿಲ ಕೆಳಗೆ," ಅಂದರು. ಪಾಪ, ಅಷ್ಟು ಮರ್ಯಾದೆಯಿಂದ ಹೇಳಿದವರಿಗೆ ಬೇಸರವಾಗಬಾರದೆಂದು ಹೋಗಿ, ಶೌಚಾಲಯ ನೋಡಿಕೊಂಡು ಬಂದೆ. ಅಲ್ಲಿಯ ನಲ್ಲಿ ಸೋರುತ್ತಿದೆ. ಅದನ್ನೂ ಹೇಳಲಿಲ್ಲ.

ಎರಡನೆಯ ಸಲ ಬಾಯಿ ಬಿಟ್ಟೆ.

"ನಿಜ," ಅಂದರು ಗುಮಾಸ್ತರು, ದನಿ ತಗ್ಗಿಸಿ. "ಹೆದ್ದಾರಿಯ ಆಚೆ ಹೊಸ ಕಟ್ಟಡ ಎದ್ದಿದೆಯಲ್ಲ, ಅಲ್ಲಿಗೆ ಹೋಗುತ್ತೆ. ಕಟ್ಟಡ ಯಾರದು ಅಂತ ಕೇಳಬೇಡಿ."

"ಯಾರದು?"

"ಕೇಳಬೇಡಿ ಅಂದ್ನಲ್ಲಾ! ಎಲ್ಲಾ ಮೇಲಿಂದ ಬಂದಿದ್ದು. ಇಪ್ಪತ್ತನಾಲ್ಕಕ್ಕೆ ಅಹವಾಲು ಸಭೆ ಇದೆ. ಏನಿದ್ರೂ ಅಲ್ಲಿ ಬಂದು ಹೇಳಿ."

ಇಪ್ಪತ್ತನಾಲ್ಕು ಸೋಮವಾರ. ಅಷ್ಟರಲ್ಲಿ ಇನ್ನಾರಾದರೂ ಕೊನೆಗೆ ಬಂದಿರುತ್ತಾರೆ. ಬದುಕಿದೆ.

ಫೆಬ್ರವರಿ 6, ಗುರುವಾರ

ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಅವಳ ಕಾಲಿನ ಹುಣ್ಣು ಮಾಯುತ್ತಲೇ ಇಲ್ಲ. ದಿನ ಬಿಟ್ಟು ದಿನ ಪಟ್ಟಿ ಬದಲಿಸಬೇಕು. ನಮ್ಮ ಮನೆ ಬಾಗಿಲಲ್ಲಿ ನಿಂತರೆ ಆಸ್ಪತ್ರೆಯ ಬಾಗಿಲು ಕಾಣುತ್ತದೆ. ಅಮ್ಮ ಗೋಡೆ ಹಿಡಿದುಕೊಂಡು ಒಬ್ಬಳೇ ಹೋಗಿಬಿಡುತ್ತಾಳೆ. ನಾನು ಜೊತೆಗೆ ಹೋಗುವುದು ನರ್ಸಮ್ಮನಿಂದ ಬೈಸಿಕೊಳ್ಳುವುದಕ್ಕೆ ಮಾತ್ರ.

ಎತ್ತಂಗಡಿಯ ವಿಷಯ ಹೇಳಿದೆ.

"ಹೆದ್ದಾರಿಯ ಆಚೆಗಾ?" ಅಂದಳು ಅಮ್ಮ. "ಹಂಗಾದ್ರೆ ನನ್ನ ಕಾಲನ್ನ ಮೊದಲು ಕಳಿಸಿಬಿಡು, ಆಮೇಲೆ ನಾನು ಬರ್ತೀನಿ."

ನರ್ಸಮ್ಮ ನಗಲಿಲ್ಲ. ಪಟ್ಟಿ ಸುತ್ತುತ್ತಲೇ, "ನೀವೇ ಈ ವಾರ ಮುಂದಿನ ಕುರ್ಚಿಯಂತೆ?" ಅಂದರು. ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ಓದಿದೆ. ಬಹಳ ಚೆನ್ನಾಗಿ ಬರೆದಿದ್ದಾರೆ.

ಫೆಬ್ರವರಿ 8, ಶನಿವಾರ

ಬಿಳಿ ಶೂ ಅಂಗಡಿಗೆ ಬಂದಿದ್ದ.

ಹೆಸರು ಎಲ್ಲರಿಗೂ ಗೊತ್ತು, ಯಾರೂ ಹೇಳುವುದಿಲ್ಲ. ಮೇಲಿನ ನಾಯಕರಿಗೆ ಈ ಊರಿನಲ್ಲಿ ಕಣ್ಣು, ಕಿವಿ ಎರಡೂ ಇವನೇ. ಎಂಥ ಕೆಸರಿನಲ್ಲೂ ಇವನ ಶೂ ಬೆಳ್ಳಗೇ ಇರುತ್ತದೆ. ಹೇಗೆಂದು ಯಾರಿಗೂ ತಿಳಿಯದು.

"ಏನಣ್ಣ, ಅಧ್ಯಕ್ಷರಾದ್ರಂತೆ! ಹೇಳಲೇ ಇಲ್ಲ!" ಅಂದ. ನನಗಿಂತ ಒಳ್ಳೆಯ ಕುಶಲಕರ್ಮಿ ಈ ಸೀಮೆಯಲ್ಲಿಲ್ಲ ಅಂದ. ಎಲ್ಲ ವಾರ್ಡಿನ ಕಚೇರಿಗಳಿಗೂ ನಾಯಕರ ಫೋಟೋ ಹಾಕಿಸುವ ಆಲೋಚನೆ ಇದೆ ಅಂದ. ಆಮೇಲೆ ಅಂಗಡಿಯ ಛಾವಣಿ, ಗೋಡೆ, ಷಟರ್ ಎಲ್ಲ ನೋಡಿ, "ಪುರಸಭೆಯ ಮಳಿಗೆ ಅಲ್ವಾ ಇದು? ಕರಾರು ಯಾವಾಗ ಮುಗಿಯುತ್ತೆ?" ಅಂದ.

"ಈ ತಿಂಗಳ ಕೊನೆಗೆ," ಅಂದೆ.

"ಆಗುತ್ತೆ ಬಿಡಿ, ಯಾಕಾಗಲ್ಲ? ಇಪ್ಪತ್ತನಾಲ್ಕನೇ ತಾರೀಕು ನಿಮ್ಮ ಕಡೆಯಿಂದ ಯಾರೂ ಏನೂ ಮಾತಾಡದೇ ಇದ್ರೆ ಎಲ್ಲಾ ಆಗುತ್ತೆ. ಮಾತಾಡಿದವರದ್ದು ನನ್ನ ಕೈಯಲ್ಲಿಲ್ಲ ನೋಡಿ."

ನನ್ನ ತಲೆ ಆಡಿತು. ನಾನು ಆಡಿಸಲಿಲ್ಲ, ಅದಾಗಿಯೇ ಆಡಿತು. ಚಹಾ ತರಿಸಿ ಕೊಟ್ಟೆ. ಕುಡಿದ ಲೋಟವನ್ನೂ ನಾನೇ ತೊಳೆದೆ.

ಫೆಬ್ರವರಿ 10, ಸೋಮವಾರ

ಎಲ್ಲರಿಗಿಂತ ಮೊದಲು ನಾನು! ನಾನು ಹೋದಾಗ ಅಲ್ಲಿ ಇದ್ದದ್ದು ಒಂದು ನಾಯಿ. ಅದು ಕೂಡ ಎದ್ದು ಹೋಯಿತು.

ಕೊನೆಗೆ ಬಂದವರು ಅಂಚೆಯಣ್ಣ. ಕೆಲಸದಿಂದ ನಿವೃತ್ತರಾದರೂ ದಾರಿಯಲ್ಲಿ ಸಿಕ್ಕವರನ್ನೆಲ್ಲ ವಿಚಾರಿಸಿಕೊಂಡು ಬರುವ ಚಾಳಿ ಹೋಗಿಲ್ಲ. ಹೆದ್ದಾರಿ, ಹೊಸ ಕಟ್ಟಡ, ಅಹವಾಲು ಸಭೆ ಎಲ್ಲ ವರದಿ ಮಾಡಿದೆ. ಬಿಳಿ ಶೂ ಬಂದದ್ದನ್ನು ಮಾತ್ರ ಹೇಳಲಿಲ್ಲ. ಮರೆತುಹೋಯಿತು ಎಂದು ಇಲ್ಲಿ ಬರೆಯೋಣವೆಂದುಕೊಂಡೆ. ಆದರೆ ನಿಮ್ಮ ಮುಂದೆಯೂ ಸುಳ್ಳು ಹೇಳಿದರೆ ಕಾಗದರಾಯರೇ, ನನಗೆ ಉಳಿಯುವವರು ಯಾರು?

ಫೆಬ್ರವರಿ 12, ಬುಧವಾರ

ಬಿಳಿ ಶೂ ಮತ್ತೆ ಬಂದ. ಮುಖ ಕೆಂಪಗೆ.

"ಏನ್ರೀ ಇದು, ನೀವು ಅಧ್ಯಕ್ಷರಲ್ವಂತೆ? ಆ ಪೋಸ್ಟ್‌ಮ್ಯಾನ್ ಅಂತೆ?"

"ಈ ವಾರ ಹೌದು ಸಾರ್."

"ಮುಂದಿನ ವಾರ?"

"ಯಾರು ಕೊನೆಗೆ ಬರ್ತಾರೋ ಅವರು."

"ಯಾರು ಬರ್ತಾರೆ?"

"ಬಂದಾಗ ಗೊತ್ತಾಗುತ್ತೆ ಸಾರ್."

"ನನ್ನ ಸರ್ವಿಸ್‌ನಲ್ಲಿ ಎಂತೆಂಥ ಸಂಘ ನೋಡಿದೀನಿ. ಒಬ್ಬನಿಗೆ ಹೇಳಿದ್ರೆ ಕೆಲಸ ಮುಗೀತಿತ್ತು. ಇಲ್ಲಿ ಇಡೀ ಬೀದಿ ಸುತ್ತಬೇಕಾ ನಾನು?" ಅಂದ. ಅವನ ಶೂ ನೋಡಿದೆ. ಅಂಚಿಗೆ ಸ್ವಲ್ಪ ಮಣ್ಣು ಹತ್ತಿತ್ತು. ಯಾಕೋ ಖುಷಿಯಾಯಿತು. ತಕ್ಷಣ ಭಯವೂ ಆಯಿತು. ಚಹಾ ಬೇಕಾ ಎಂದು ಕೇಳುವುದು ಮರೆತೇಹೋಯಿತು.

ಫೆಬ್ರವರಿ 13, ಗುರುವಾರ

ಪುರಸಭೆಯ ಅಧ್ಯಕ್ಷರು, ಆ ಮೇಡಂ, ತಾವೇ ಅಂಗಡಿಗೆ ಬಂದರು. ಮುಂಚೆ ಶಾಲೆಯಲ್ಲಿ ಟೀಚರಾಗಿದ್ದವರು. ಈಗಲೂ ಮಾತು ಮುಗಿಸಿದ ಮೇಲೆ ಅರ್ಥವಾಯಿತಾ ಎಂಬಂತೆ ನೋಡುತ್ತಾರೆ. ನಾಯಕರ ಫೋಟೋ ಸರಿಯಾಗಿದೆಯೋ ಇಲ್ಲವೋ ಸ್ವತಃ ನೋಡಿ ಬರಬೇಕೆಂದು ಬಿಳಿ ಶೂ ಅವರನ್ನೇ ಅಟ್ಟಿದ್ದಾನೆ.

ಕಟ್ಟಿನ ಎದುರು ನಿಂತು, ನಾಯಕರನ್ನೇ ನೋಡುತ್ತ ನನಗೆ ಹೇಳಿದರು: "ನನ್ನ ಕುರ್ಚಿಯ ಕಾಲಿಗೆ ಗರಗಸ ಹಾಕಿದ್ದಾರೆ ಕಣ್ರೀ. ಅವಿಶ್ವಾಸಕ್ಕೆ ಸದಸ್ಯರ ಸಹಿ ಆಗಿದೆಯಂತೆ. ಈ ಆಸ್ಪತ್ರೆಯ ಕಾಗದಕ್ಕೆ ನಾನು ಸಹಿ ಹಾಕಿದ್ರೆ ಉಳೀತೀನಿ."

"ಹಾಕ್ತೀರಾ ಮೇಡಂ?"

"ಇಪ್ಪತ್ತನಾಲ್ಕಕ್ಕೆ ಯಾರೂ ಏನೂ ಹೇಳದೇ ಇದ್ರೆ 'ಆಕ್ಷೇಪಣೆ ಇಲ್ಲ' ಅಂತ ಬರೆದು ಹಾಕಲೇಬೇಕು. ಅಧ್ಯಕ್ಷರ ಜಾಗದಲ್ಲಿ ಕೂತು ನಾನೇ ಆಕ್ಷೇಪಣೆ ಎತ್ತೋ ಹಾಗಿಲ್ಲ. ಬೀದಿಯವರ ಪರವಾಗಿ ಒಬ್ಬರು ಎದ್ದು, ಹೆಸರು ಹೇಳಿ, ಬೇಡ ಅಂದ್ರೆ ಮಾತ್ರ ನಡಾವಳಿಯಲ್ಲಿ ಬರೆಸಬಹುದು. ಒಂದು ಸಲ ಬರೆಸಿದ್ರೆ ಮುಗೀತು. ಮೇಲಧಿಕಾರಿಗಳು ಬಂದು ಮತ್ತೆ ವಿಚಾರಣೆ ಮಾಡಲೇಬೇಕು. ಅಲ್ಲಿವರೆಗೂ ಒಂದು ಮಂಚನೂ ಅಲ್ಲಾಡಿಸೋ ಹಾಗಿಲ್ಲ."

ನಾನು ಅಳತೆಪಟ್ಟಿ ತೆಗೆದು, ಅಳೆದಾಗಿದ್ದ ಕಟ್ಟನ್ನೇ ಮತ್ತೆ ಅಳೆದೆ.

"ನೀವು ಹೇಳಿ ಅಂತ ನಾನು ಹೇಳ್ತಾ ಇಲ್ಲ," ಅಂದರು. "ಗಾಜಿನ ಮೇಲೆ ಬೆರಳಿನ ಗುರುತಿದೆ. ಒರೆಸಿ ಕಳಿಸಿ."

ಫೆಬ್ರವರಿ 17, ಸೋಮವಾರ

ಬೇಕರಿಯ ಮುಂದೆ ಪುರಸಭೆಯ ಹಲಗೆ ಬಂದಿದೆ: ಸಾರ್ವಜನಿಕ ಸ್ಥಳದಲ್ಲಿ ಕುರ್ಚಿ ಹಾಕಬಾರದು. ಊರಿನಲ್ಲಿ ಇಷ್ಟು ಚುರುಕಾಗಿ ಆದ ಕೆಲಸವನ್ನು ನಾನು ಕಂಡಿಲ್ಲ. ದೀಪದ ಬಲ್ಬಿಗೆ ನಾವು ಎಷ್ಟು ತಿಂಗಳು ಅಲೆದಿದ್ದೆವು!

ಬೇಕರಿಯಕ್ಕ ಸೊಂಟಕ್ಕೆ ಕೈ ಕೊಟ್ಟು ನಿಂತಳು. "ಒಳಗೆ ಬನ್ನಿ ಎಲ್ಲರೂ. ಒಂದೊಂದು ಬನ್ನು ತಗೊಳ್ಳಿ. ಗಿರಾಕಿಗಳನ್ನ ಎಬ್ಬಿಸೋಕೆ ಯಾವ ಹಲಗೆಗೂ ಆಗಲ್ಲ."

ಒಳಗೆ ಒಲೆಯ ಶಾಖ, ಬೆವರು, ಬನ್ನು. ಜನ ಅರ್ಧಕ್ಕರ್ಧ ಇಲ್ಲ. ಕಂಡಕ್ಟರಣ್ಣನೂ ಇಲ್ಲ. ಅವನನ್ನು ದೂರದ ದಾರಿಯ ಬಸ್ಸಿಗೆ ಹಾಕಿದ್ದಾರಂತೆ; ಇನ್ನು ವಾರಕ್ಕೊಮ್ಮೆ ಮನೆ ಕಂಡರೆ ಪುಣ್ಯ. ಹೋದ ವಾರ ಬಿಳಿ ಶೂ ಅವನನ್ನು ನಿಲ್ಲಿಸಿ ಬುದ್ಧಿ ಹೇಳಿದಾಗ, "ಟಿಕೆಟ್ ಇಲ್ಲದವರ ಮಾತು ನಾನು ಕೇಳಲ್ಲ," ಅಂದಿದ್ದನಂತೆ. ಅವನಿಗೆ ಬಾಯಿ ಜಾಸ್ತಿ. ನಮ್ಮಲ್ಲಿ ಒಬ್ಬರಿಗಾದರೂ ಇತ್ತಲ್ಲ.

ಅಂಚೆಯಣ್ಣ ಬನ್ನು ಮುರಿಯುತ್ತ, "ಬಿಳಿ ಶೂ ನಮ್ಮನೆಗೂ ಬಂದಿದ್ದ. ಅಳಿಯನ ಮನೆಯ ನಕ್ಷೆ ಪುರಸಭೇಲಿದೆ. ಅದು ಅಲ್ಲೇ ಮುದುಕ ಆಗುತ್ತೆ ಅಂದ," ಅಂದರು.

"ನನಗೆ ಒಲೆಯ ಲೈಸೆನ್ಸ್," ಅಂದಳು ಬೇಕರಿಯಕ್ಕ.

"ನನಗೆ ಮಳಿಗೆ," ಅಂದೆ. ಅಂದ ಮೇಲೆ ಗೊತ್ತಾಯಿತು, ಹೇಳಿಬಿಟ್ಟೆ ಎಂದು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕೆವು. ಅಷ್ಟು ದಿನ ಒಬ್ಬೊಬ್ಬರೂ ಆ ಮಣಭಾರವನ್ನು ಕದ್ದು ಹೊತ್ತುಕೊಂಡು ಓಡಾಡಿದ್ದೆವು.

ಆಮೇಲೆ ಅಸಲು ಪ್ರಶ್ನೆ. ಇಪ್ಪತ್ತನಾಲ್ಕಕ್ಕೆ ಮಾತಾಡುವವರು ಯಾರು? ಅಂದು ಸೋಮವಾರವೇ. ಅಂದಮೇಲೆ ಪದ್ಧತಿ ಇದ್ದೇ ಇದೆಯಲ್ಲ! ಸಭಾಂಗಣಕ್ಕೆ ಯಾರು ಕೊನೆಗೆ ಕಾಲಿಡುತ್ತಾರೋ ಅವರು. ಈ ತೀರ್ಮಾನಕ್ಕೆ ಎಲ್ಲರೂ ಎಷ್ಟು ಬೇಗ ಒಪ್ಪಿದರೆಂದರೆ, ಪ್ರತಿಯೊಬ್ಬರೂ ಮನಸ್ಸಿನಲ್ಲೇ ಬೆಳಗಿನ ಜಾವಕ್ಕೆ ಹೊರಡುವ ಲೆಕ್ಕ ಹಾಕುತ್ತಿದ್ದುದು ಮುಖದಲ್ಲೇ ಕಾಣುತ್ತಿತ್ತು. ನಾನಂತೂ ಕಸ ಗುಡಿಸುವವರ ಜೊತೆಗೇ ಒಳಗೆ ಹೋಗುವುದೆಂದು ನಿಶ್ಚಯಿಸಿದ್ದೇನೆ.

ಈ ವಾರ ಕೊನೆಗೆ ಬಂದು ಕೂತವಳು ಬೇಕರಿಯಕ್ಕ. ಮನೆ ಅದೇ, ಅಂಗಡಿ ಅದೇ, ಆದರೂ ಒಲೆ ಬಿಟ್ಟು ಬರಲು ತಡವಾಯಿತು.

ಫೆಬ್ರವರಿ 19, ಬುಧವಾರ

"ನೀವು ಮಾತಾಡ್ತೀರಾ ಅಲ್ಲಿ?" ಎಂದು ಹೆಂಡತಿ ಕೇಳಿದಳು.

"ಹುಚ್ಚಾ ನಿಂಗೆ? ಮಳಿಗೆ ಹೋದ್ರೆ ಗಾಜು ನಿನ್ನ ಅಡುಗೆ ಮನೇಲಿ ಕೊಯ್ಯಲಾ?"

"ಮತ್ತೆ ಬೆಳಿಗ್ಗೆ ಕನ್ನಡಿ ಮುಂದೆ ಏನದು ಗುಣುಗುಣು?"

ಅದು ಬೇರೆ ವಿಷಯ. ಮಾತಾಡುವವರು ಅಲ್ಲಿ ಹೋಗಿ ತಡವರಿಸಬಾರದಲ್ಲ, ಅದಕ್ಕೆ ಏನೇನು ಹೇಳಬೇಕೆಂದು ಹೊಂದಿಸಿ ನೋಡುತ್ತಿದ್ದೆ. ಅಂಚೆಯಣ್ಣ ವಿಷಯ ಬಿಟ್ಟು ಎತ್ತಲೋ ಹೋಗುತ್ತಾರೆ, ಬೇಕರಿಯಕ್ಕನಿಗೆ ಸಿಟ್ಟು ಬಂದರೆ ಬೈಗುಳ ಬರುತ್ತದೆ. ಅವರಿಗೆ ಸಹಾಯವಾಗಲೆಂದು ನಿನ್ನೆ, ಇವತ್ತು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಯಾರು ಯಾರು ಬರುತ್ತಾರೆ, ಹೇಗೆ ಬರುತ್ತಾರೆ ನೋಡಿದೆ. ಹೆಚ್ಚಿನವರು ನಡೆದೇ ಬರುತ್ತಾರೆ. ಒಬ್ಬ ಬಸುರಿ ಹೆಂಗಸು ಬಾಗಿಲಲ್ಲಿ ನಿಂತು ಉಸಿರು ತೆಗೆದುಕೊಂಡಳು. ಅಷ್ಟೇ ನೋಡಿದ್ದು.

ಅಂಗಡಿ ಎರಡು ದಿನ ಮುಚ್ಚಿತ್ತು. ಮೈ ಸರಿ ಇರಲಿಲ್ಲ ಎಂದು ಗಿರಾಕಿಗಳಿಗೆ ಹೇಳಿದ್ದೇನೆ.

ಫೆಬ್ರವರಿ 21, ಶುಕ್ರವಾರ

ಅಮ್ಮ ಹಟ ಹಿಡಿದಳು. "ಆ ಹೊಸ ಆಸ್ಪತ್ರೆ ಎಷ್ಟು ದೂರ ಐತೆ, ಒಂದ್ಸಲ ನಡೆದು ನೋಡೇ ಬಿಡ್ತೀನಿ. ನೋಡದೇ ಬೇಡ ಅಂದ್ರೆ ತಪ್ಪಾಗುತ್ತೆ." ಅವಳ ನ್ಯಾಯ ಅಂಥದು.

ಹೆದ್ದಾರಿಯ ಅಂಚಿಗೆ ತಲುಪುವಷ್ಟರಲ್ಲೇ ನನ್ನ ಭುಜದ ಮೇಲೆ ಅವಳ ಭಾರವೆಲ್ಲ ಬಂದಿತ್ತು. ಲಾರಿಗಳು, ಬಸ್ಸುಗಳು ಒಂದರ ಹಿಂದೆ ಒಂದು ಗಾಳಿ ಹೊಡೆದುಕೊಂಡು ಹೋಗುತ್ತಿದ್ದವು. ಸಂದು ನೋಡಿ ಅರ್ಧ ರಸ್ತೆ ದಾಟಿದೆವು. ನಡುವಿನ ಗಿಡ್ಡ ಗೋಡೆ ಮುಟ್ಟಿದ್ದೇ ಅಮ್ಮ ಅದರ ಮೇಲೆ ಕೂತುಬಿಟ್ಟಳು.

"ಏಳಮ್ಮ."

"ಆಗಲ್ಲ ಕಣೋ."

ಮುಂದೆ ಹೋಗುವಂತಿಲ್ಲ, ಹಿಂದೆ ಬರುವಂತಿಲ್ಲ. ಎರಡೂ ಕಡೆ ಗಾಡಿಗಳು. ಅಮ್ಮ ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿ, "ಆಸ್ಪತ್ರೇನ ಇಲ್ಲೇ ಮಾಡಕ್ಕೆ ಹೇಳು. ಗಾಳಿ ಚೆನ್ನಾಗೈತೆ," ಅಂದಳು. ನಾನು ನಕ್ಕೆ. ನಗುತ್ತಲೇ ಕೆಳಗೆ ನೋಡಿದರೆ ಪಟ್ಟಿಯ ಮೇಲೆ ಕೆಂಪು ಮೂಡಿ ಹರಡುತ್ತಿತ್ತು. ಅವಳಿಗೆ ಕಾಣಬಾರದೆಂದು ಎದುರು ನಿಂತೆ. ಅವಳೂ ನನಗೆ ಕಾಣಬಾರದೆಂದು ಇನ್ನೊಂದು ಕಾಲನ್ನು ಅಡ್ಡ ಇಟ್ಟಿದ್ದಳು.

ಕೊನೆಗೆ ಒಬ್ಬ ಲಾರಿಯವನು ಗಾಡಿ ಅಡ್ಡ ನಿಲ್ಲಿಸಿ, ಹಿಂದಿನವರ ಬೈಗುಳವನ್ನೆಲ್ಲ ತಾನೇ ತಿಂದು, ನಮ್ಮನ್ನು ದಾಟಿಸಿದ. ಆಚೆಗಲ್ಲ, ಈಚೆಗೆ.

ಇವತ್ತು ಇನ್ನೇನೂ ಬರೆಯುವುದಿಲ್ಲ.

ಫೆಬ್ರವರಿ 24, ಸೋಮವಾರ

ಎಲ್ಲ ಆ ಚಪ್ಪಲಿಯಿಂದ ಆದದ್ದು. ಮೊದಲಿನಿಂದ ಹೇಳುತ್ತೇನೆ.

ಅಂದುಕೊಂಡಂತೆ ಬೇಗನೇ ಹೊರಟೆ. ಪುರಸಭೆಯ ಗೇಟಿನ ಹತ್ತಿರ ಹೋಗಿ ನೋಡಿದರೆ ಬೇಕರಿಯಕ್ಕ ಆಗಲೇ ಬಂದಿದ್ದಾಳೆ. ಬಂದವಳು ಒಳಗೆ ಹೋಗಬೇಕೋ ಬೇಡವೋ? ಹೊರಗಿನ ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದಾಳೆ. ಕೈಯಲ್ಲಿ ಹಿಟ್ಟಿನ ಕಣವೂ ಇಲ್ಲ, ಆದರೂ ತೊಳೆಯುತ್ತಲೇ ಇದ್ದಾಳೆ. ಅಂಚೆಯಣ್ಣ ಗೋಡೆಯ ಮೇಲಿನ ಪ್ರಕಟಣೆ ಓದುತ್ತ ನಿಂತಿದ್ದಾರೆ. ಹಳೆಯ ವರ್ಷದ್ದು, ನಾಯಿಗಳಿಗೆ ಚುಚ್ಚುಮದ್ದು ಹಾಕಿಸುವ ಬಗ್ಗೆ. ಅವರ ಮನೆಯಲ್ಲಿ ನಾಯಿ ಇಲ್ಲ.

"ಒಳಗೆ ಹೋಗಿ ಅಣ್ಣ," ಅಂದೆ.

"ಓದಿ ಬರ್ತೀನಿ, ನೀವು ನಡೀರಿ."

"ಅಕ್ಕಾ, ನೀನು?"

"ಜಿಡ್ಡು ಹೋಗ್ತಾನೇ ಇಲ್ಲ ಕಣಣ್ಣ. ನೀನು ಹೋಗು, ಹೋಗು."

ಅಷ್ಟರಲ್ಲಿ ಕಂಡಕ್ಟರಣ್ಣ ಸೈಕಲ್ ತಳ್ಳಿಕೊಂಡು ಬಂದ. ರಜೆ ಹಾಕಿ, ಅಷ್ಟು ದೂರದಿಂದ ಬಸ್ಸಿನಲ್ಲಿ ಕೂತೇ ರಾತ್ರಿ ಮನೆಗೆ ಬಂದಿದ್ದಾನೆ. ಸೈಕಲ್ ನಿಲ್ಲಿಸಿ ಚಕ್ರ ಒತ್ತಿ ನೋಡತೊಡಗಿದ. ಗಾಳಿ ಕಲ್ಲಿನಂತಿತ್ತು. "ಪಂಕ್ಚರ್ ಇರಬೇಕು. ನೀವೆಲ್ಲ ಮುಂದಕ್ಕೆ ನಡೀರಿ ಮುಂದಕ್ಕೆ, ಬಾಗಿಲ ಹತ್ರ ನಿಲ್ಲಬೇಡಿ," ಅಂದ, ಬಸ್ಸಿನಲ್ಲಿ ಹೇಳುವ ಹಾಗೇ.

ಎಲ್ಲರೂ ಎಲ್ಲರನ್ನೂ ಒಳಗೆ ಕಳಿಸುತ್ತಿದ್ದರು. ಯಾರೂ ಹೋಗುತ್ತಿರಲಿಲ್ಲ. ಬಿಳಿ ಶೂ ಬಾಗಿಲಿಗೆ ಬಂದು, "ಏನ್ರೀ ಸಂತೆ ಇಲ್ಲಿ? ಒಳಗೆ ಬನ್ನಿ, ಇಲ್ಲಾಂದ್ರೆ ಬಾಗಿಲು ಹಾಕಿಸ್ತೀನಿ!" ಅಂದ. ಒಳಗೆ ಗಂಟೆ ಬಾರಿಸಿದರು.

ಅಕ್ಕನ ಒಲೆ ಇವತ್ತು ಬೆಳಿಗ್ಗೆ ಉರಿಯಲೇ ಇಲ್ಲ, ಕೈಗೆ ಜಿಡ್ಡು ಎಲ್ಲಿಂದ ಬರಬೇಕು, ಅದು ನನಗೆ ಗೊತ್ತು. ಆದರೂ, "ಅಕ್ಕಾ, ಜಾಗ ಹಿಡಿ ಒಳಗೆ, ಅಂಚೆಯಣ್ಣನಿಗೆ ಕಾಲು ನೋವು," ಎಂದು ತೋಳು ಹಿಡಿದು ಅವಳನ್ನು ದಾಟಿಸಿದೆ. ಅಂಚೆಯಣ್ಣನ ಬೆನ್ನಿಗೆ ಕೈ ಹಾಕಿ, "ಅಕ್ಕ ಒಬ್ಬಳೇ ಹೋದ್ಳು, ನೋಡಿ," ಅಂದೆ. ಕಂಡಕ್ಟರಣ್ಣನ ಸೈಕಲ್ ಹ್ಯಾಂಡಲ್ ನಾನು ಹಿಡಿದುಕೊಂಡು, "ಬೀಗ ನಾನು ಹಾಕ್ತೀನಿ, ನಡಿ," ಅಂದೆ. ಅವನು ನನ್ನ ಮುಖವನ್ನೇ ನೋಡಿ ಒಳಗೆ ಹೋದ.

ಬೀಗ ಹಾಕಿ ನಾನೂ ಹೋಗುವವನೇ. ಅಷ್ಟರಲ್ಲಿ ಚಪ್ಪಲಿಯ ಬಾರು ಕಿತ್ತ ಹಾಗಾಯಿತು. ಬಗ್ಗಿ ಸರಿಮಾಡಿಕೊಂಡು ಎದ್ದೆ. ಜವಾನ ಬಾಗಿಲನ್ನು ಅರ್ಧ ಎಳೆದು ನನಗಾಗಿ ಹಿಡಿದು ನಿಂತಿದ್ದ. ಹೀಗೆ, ನನ್ನ ಗ್ರಹಚಾರ, ಕೊನೆಗೆ ಕಾಲಿಟ್ಟವನು ನಾನೇ ಆಗಿಬಿಟ್ಟೆ.

ಮೇಡಂ ವೇದಿಕೆಯ ಮೇಲಿಂದ ಕೇಳಿದರು: "ಬೀದಿಯವರ ಪರವಾಗಿ ಯಾರಾದರೂ ಒಬ್ಬರು?"

ಎಲ್ಲರೂ ತಿರುಗಿ ಬಾಗಿಲು ನೋಡಿದರು. ಬಾಗಿಲಲ್ಲಿ ನಾನು.

"ಇವರು ಅಧ್ಯಕ್ಷರಲ್ಲ!" ಬಿಳಿ ಶೂ ಎದ್ದ. "ಅಲ್ಲ ಅಂತ ಇವರೇ ಹೇಳಿದಾರೆ ನಂಗೆ!"

"ಇವತ್ತು ಹೌದು ಸಾರ್," ಅಂದೆ.

"ಕೊನೆಗೆ ಬಂದದ್ದು ಇವರೇ. ನಾವೆಲ್ಲ ಸಾಕ್ಷಿ," ಅಂದರು ಅಂಚೆಯಣ್ಣ.

"ನೋಂದಣಿ ಇಲ್ಲದ ಸಂಘ ಇದು!"

"ಪ್ರಕಟಣೆಯಲ್ಲಿ 'ನಿವಾಸಿಗಳ ಪರವಾಗಿ ಒಬ್ಬರು' ಅಂತಿದೆ. ನೋಂದಣಿ ಅಂತ ಇಲ್ಲ," ಅಂದರು ಮೇಡಂ. "ನೀವು ಕೂತ್ಕೊಳ್ಳಿ. ನೀವು ಹೇಳಿ. ಮೊದಲು ಹೆಸರು."

ಹೆಸರು ಹೇಳಿದೆ.

"ಗಟ್ಟಿಯಾಗಿ."

ಗಟ್ಟಿಯಾಗಿ ಹೇಳಿದೆ. ಎದುರು ಗೋಡೆಯ ಮೇಲೆ ನಾನೇ ಕಟ್ಟಿದ ನಾಯಕರ ಫೋಟೋ. ಅದರ ಗಾಜಿನಲ್ಲಿ ನನ್ನದೇ ಮುಖ ಕಾಣುತ್ತಿತ್ತು. ನಾಯಕರ ಮೀಸೆಯ ಮೇಲೆ ನನ್ನ ಮೂಗು. ಅಷ್ಟು ಚೆನ್ನಾಗಿ ಒರೆಸಬಾರದಿತ್ತು. ಕನ್ನಡಿ ಮುಂದೆ ಹೊಂದಿಸಿಕೊಂಡದ್ದು ಒಂದೂ ನೆನಪಾಗಲಿಲ್ಲ. ನೆನಪಾದದ್ದು ಹೆದ್ದಾರಿಯ ನಡುವಿನ ಗೋಡೆ ಒಂದೇ.

"ನಮ್ಮಮ್ಮನ್ನ ಶುಕ್ರವಾರ ನಿಮ್ಮ ಹೊಸ ಆಸ್ಪತ್ರೆಗೆ ಕರ್ಕೊಂಡು ಹೋದೆ," ಅಂದೆ. "ಅರ್ಧ ದಾರಿ ಹೋದ್ವಿ. ಇನ್ನರ್ಧ ಇವತ್ತಿಗೂ ಹೋಗಿಲ್ಲ." ಆಮೇಲೆ ಆದದ್ದನ್ನು ಆದ ಹಾಗೇ ಹೇಳಿದೆ. ಲಾರಿಯವನನ್ನೂ ಬಿಡಲಿಲ್ಲ. ಅಮ್ಮ ಗಾಳಿ ಚೆನ್ನಾಗಿದೆ ಅಂದದ್ದಕ್ಕೆ ಜನ ನಕ್ಕರು. ಕಾಲು ಅಡ್ಡ ಇಟ್ಟದ್ದನ್ನು ಹೇಳಿದಾಗ ನಗಲಿಲ್ಲ. "ಹಾಗಾಗಿ ನಮ್ಮ ಬೀದಿಯವರದು ಆಕ್ಷೇಪಣೆ ಇದೆ," ಅಂದೆ.

"ಬರೆದುಕೊಳ್ಳಿ," ಅಂದರು ಮೇಡಂ. ಗುಮಾಸ್ತರು ಬರೆದರು. ಅವರ ಹತ್ತಿರವೇ ಹೋಗಿ ನಿಂತು, ಆ ಬಿಸಿಯಲ್ಲೇ, ಮೆಟ್ಟಿಲ ಕೆಳಗಿನ ನಲ್ಲಿ ಸೋರುತ್ತಿರುವುದನ್ನೂ ಹೇಳಿಬಿಟ್ಟೆ.

ಚಪ್ಪಲಿ ಒಂದು ಸರಿಯಿದ್ದಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ.

ಮಾರ್ಚ್ 1, ಶನಿವಾರ

ಮಳಿಗೆಗೆ ಪುರಸಭೆಯ ಬೀಗ ಬಿತ್ತು. ಸಾಮಾನು ಹೊರಗೆ ಹಾಕಿಕೊಳ್ಳಲು ಜವಾನನೇ ಕೈಜೋಡಿಸಿದ. ಹೆಂಡತಿ ಗಾಜಿನ ಹಾಳೆಗಳ ಮಧ್ಯೆ ಹಳೆಯ ಬಟ್ಟೆ ಮಡಚಿಡುತ್ತ, "ಅಡುಗೆ ಮನೇಲಿ ಒಂದು ಮೂಲೆ ಮಾಡಿಟ್ಟಿದೀನಿ. ಕನ್ನಡಿ ಮುಂದೆ ಗುಣುಗುಣು ಅಂದಾಗಲೇ ಮಾಡಿಟ್ಟಿದ್ದೆ," ಅಂದಳು.

ಅಷ್ಟರಲ್ಲಿ ಬೇಕರಿಯಕ್ಕ ಕೈಗಾಡಿ ತಂದಳು. ಸಾಮಾನೆಲ್ಲ ಅವಳ ಅಂಗಡಿಯ ಪಕ್ಕದ ಜಗಲಿಗೆ ಅಂದಳು. ಬೇಡ ಅನ್ನಲು ಬಾಯಿ ತೆರೆದೆ. ಅವಳು ಅದರೊಳಗೆ ಬನ್ನು ತುರುಕಿದಳು.

ಮಾರ್ಚ್ 10, ಸೋಮವಾರ

ವಾರದಲ್ಲಿ ಆದದ್ದು ಇಷ್ಟು. ಮೇಡಂ ಕುರ್ಚಿ ಹೋಯಿತು. ಬಂದ ಹೊಸಬರ ಫೋಟೋ ನನ್ನ ಹತ್ತಿರ ಬರಲಿಲ್ಲ. ಮರುವಿಚಾರಣೆ ಆಗುವವರೆಗೆ ಆಸ್ಪತ್ರೆಯನ್ನು ಕದಲಿಸಬಾರದೆಂದು ಮೇಲಧಿಕಾರಿಗಳ ಆದೇಶ ಬಂತು. ಅಮ್ಮ ಇವತ್ತೂ ಗೋಡೆ ಹಿಡಿದುಕೊಂಡು ಒಬ್ಬಳೇ ಹೋಗಿ ಪಟ್ಟಿ ಕಟ್ಟಿಸಿಕೊಂಡು ಬಂದಳು. ನಾನು ಕಟ್ಟುವ ಫೋಟೋಗಳಿಗೆಲ್ಲ ಈಗ ಬನ್ನಿನ ವಾಸನೆ.

ಸಂಜೆ ಸಭೆ. ಜಗಲಿಯಿಂದ ಬೇಕರಿಗೆ ಒಂದು ನೆಗೆತದ ದೂರ. ಮೊದಲಿಗನಾಗಿ ಹೋಗಬೇಕಾದವನು ನಾನೇ. ಆದರೆ ಯಾರೋ ಬರುತ್ತಿದ್ದಾರಲ್ಲ ಎಂದು ನೋಡುತ್ತ ನಿಂತೆ. ಮೇಡಂ! ಮನೆಯಿಂದ ಪ್ಲಾಸ್ಟಿಕ್ ಕುರ್ಚಿ ಹೊತ್ತುಕೊಂಡು, ಏದುಸಿರು ಬಿಡುತ್ತ ಬಂದರು. ಅವರ ಮನೆಯೂ ಇದೇ ಬೀದಿಯ ಆ ತುದಿಯಲ್ಲಿ.

"ನಾನೇ ಕೊನೇನಾ?" ಅಂದರು ಗಾಬರಿಯಿಂದ.

"ಇಲ್ಲ ಮೇಡಂ, ನೀವು ನಡೀರಿ," ಅಂದೆ. ಹೊಸಬರು, ಮೊದಲ ದಿನವೇ ಅವರ ತಲೆಗೆ ಕಟ್ಟುವುದು ಸರಿಯಲ್ಲ ನೋಡಿ. ಅವರನ್ನು ಕಳಿಸಿ ಹೊರಟರೆ ಮತ್ತೆ ಆ ಹಾಳು ಚಪ್ಪಲಿ. ಬಗ್ಗಿ ಸರಿಮಾಡಿಕೊಂಡು ಹೋದೆ. ನಾನು ಬರುವುದಕ್ಕೆ ಮೊದಲೇ ನನ್ನ ಮಡಚುಕುರ್ಚಿಯನ್ನು ಯಾರೋ ಒಯ್ದು ಎಲ್ಲರ ಮುಂದೆ ಹಾಕಿದ್ದರು.

ಸಭೆ ಮುಗಿಸಿ ಬರುವಾಗ ಚಪ್ಪಲಿ ಹೊಲಿಯುವವನ ಹತ್ತಿರ ಹೋಗಿ, "ಪ್ರತಿ ಸೋಮವಾರ ಕೈಕೊಡುತ್ತೆ ಕಣಪ್ಪ ಇದು, ಗಟ್ಟಿ ಮಾಡಿಕೊಡು," ಅಂದೆ. ಅವನು ಬಾರನ್ನು ಎಳೆದ, ಜಗ್ಗಿದ, ಬೆಳಕಿಗೆ ಹಿಡಿದು ನೋಡಿದ. "ಏನೂ ಆಗಿಲ್ಲವಲ್ಲ ಸ್ವಾಮಿ. ಕಬ್ಬಿಣ ಇದ್ದ ಹಾಗಿದೆ," ಎಂದು ವಾಪಸು ಕೊಟ್ಟ.

ಪಾಪ, ಅವನಿಗೆ ಕಣ್ಣು ಮಂದವಾಗಿರಬೇಕು. ಮುಂದಿನ ಸೋಮವಾರದೊಳಗೆ ಬೇರೆಯವನನ್ನು ನೋಡಬೇಕು.